ಚಿಕ್ಕಮ್ಮನ ಕಾಮೆಂಟು

ನಮ್ಮಕ್ಕನ ಕೆಲಸ ಏನು ಅಂತ ಕೇಳಿದವರಿಗೆ ಹೇಳಿ ಹೇಳಿ ನನಗೆ ಸಾಕಾಗಿದೆ. ಔಷಧ ಕಂಪನಿಯೊಂದರ ಜಾಹೀರಾತು ವಿಭಾಗದಲ್ಲಿ, ತೆರೆಯಲು ಬಾರದ ಕಿಟಕಿಯ ಪಕ್ಕ ಕೂತು, ಜಾಹೀರಾತುಗಳ ಕೆಳಗೆ ಜನ ಬರೆಯುವ ಕಾಮೆಂಟು ಓದುವುದು! ಬೈದವರಿಗೆ ನಯವಾದ ಉತ್ತರ, ಹೊಗಳಿದವರಿಗೆ ಧನ್ಯವಾದ. ಮಾತ್ರೆ ನುಂಗಿ ತೊಂದರೆಯಾಯಿತೆಂದು ಯಾರಾದರೂ ಬರೆದರೆ ಮಾತ್ರ ಅದನ್ನು ಅವತ್ತೇ ಮೇಲಿನ ಮಹಡಿಯ ಸುರಕ್ಷತಾ ವಿಭಾಗಕ್ಕೆ ಕಳಿಸಬೇಕು. ತಮಾಷೆಗೆ ಬರೆದಿದ್ದರೂ ಸರಿ. ಇದರಲ್ಲಿ ಅಕ್ಕ ಮಹಾ ಜಿಗುಟು.

ನಮ್ಮ ಚಿಕ್ಕಮ್ಮ ಶಾಲಾ ವ್ಯಾನ್ ಓಡಿಸುತ್ತಾಳೆ. ಧೂಳಿಗೆ ಸದಾ ಸೀನು. ಅಕ್ಕನ ಕಂಪನಿಯ ಹೊಸ ಅಲರ್ಜಿ ಮಾತ್ರೆ ಬಂದದ್ದೇ ತಡ, ನಾಲ್ಕು ದಿನ ನುಂಗಿ, ಜಾಹೀರಾತಿನ ಕೆಳಗೆ ಬರೆದೇಬಿಟ್ಟಳು: ‘ಸೀನು ಮಾಯ! ಜೊತೆಗೆ ಹಾಯಾದ ನಿದ್ದೆ. ಸಿಗ್ನಲ್‌ನಲ್ಲಿ ಹಿಂದಿನವರು ಹಾರ್ನ್ ಹೊಡೆದರೇನೇ ನನಗೆ ಬೆಳಗಾಗೋದು!’

ಜನ ಬಿದ್ದು ಬಿದ್ದು ನಕ್ಕರು. ಬರೆದವಳು ಅಕ್ಕನ ಚಿಕ್ಕಮ್ಮನೇ ಎಂದು ತಿಳಿದು ಮ್ಯಾನೇಜರ್ ಕುಣಿದಾಡಿದ. ‘ಸೀನು ಮಾಯ’ ಅನ್ನುವಷ್ಟನ್ನೇ ಇಟ್ಟುಕೊಂಡು, ಅವಳ ಫೋಟೋ ಹಾಕಿ ಊರಿನ ಬಸ್ಸುಗಳ ಬೆನ್ನಿಗೆಲ್ಲ ಅಂಟಿಸೋಣ ಎಂದ, ಅವಳಿಗೂ ಫೋನ್ ಮಾಡಿ ಹೇಳಿದ. ಮಧ್ಯಾಹ್ನದೊಳಗೆ ಚಿಕ್ಕಮ್ಮ ಕೂದಲಿಗೆ ಬಣ್ಣ ಹಚ್ಚಿಸಿ, ಸ್ಟುಡಿಯೋದಲ್ಲಿ ಫೋಟೋ ತೆಗೆಸಿಕೊಂಡು, ಬೀದಿಗೆಲ್ಲ ಡಂಗುರ ಸಾರಿಯಾಗಿತ್ತು.

ಅಕ್ಕ ಊಟ ಬಿಟ್ಟು ಮ್ಯಾನೇಜರ್ ಹತ್ತಿರ ಹೋದಳು.

‘ಸಾರ್, ಇದು ಹೊಗಳಿಕೆ ಅಲ್ಲ. ಅವರು ಗಾಡಿ ಓಡಿಸ್ತಾ ತೂಕಡಿಸ್ತಿದ್ದಾರೆ.’

‘ಅಯ್ಯೋ, ಅದು ಜೋಕು ರೀ! ನಿಮ್ಮ ಚಿಕ್ಕಮ್ಮನಿಗೆ ನೀವೇ ಅಡ್ಡಗಾಲು ಹಾಕ್ತೀರಾ?’

ಅವನಿಗೇನು, ಜೋಕು. ವ್ಯಾನಿನೊಳಗೆ ಕೂತ ಮಕ್ಕಳಿಗೂ ಜೋಕೇ? ಅಕ್ಕ ಕಾಮೆಂಟನ್ನು ಮೇಲಿನ ಮಹಡಿಗೆ ಕಳಿಸಿದಳು. ಬಸ್ಸಿನ ಜಾಹೀರಾತು ಅಲ್ಲಿಗೇ ನಿಂತಿತು, ಮ್ಯಾನೇಜರ್ ಮುಖ ಗಂಟು ಹಾಕಿಕೊಂಡ.

ಸಂಜೆ ಚಿಕ್ಕಮ್ಮ ನಮ್ಮ ಮನೆ ಬಾಗಿಲಲ್ಲೇ ಹಾರಾಡಿದಳು. ‘ನಾನು ಬಸ್ಸಿನ ಮೇಲೆ ಬಂದರೆ ನಿನಗೇನೇ ಹೊಟ್ಟೆಕಿಚ್ಚು? ಬೀದೀಲಿ ಮುಖ ಎತ್ತೋ ಹಾಗಿಲ್ಲ ಈಗ!’

‘ಚಿಕ್ಕಮ್ಮ, ಹಾರ್ನ್ ಹೊಡೆಯೋಕೆ ಹಿಂದೆ ಯಾರೂ ಇಲ್ಲದಿದ್ದರೆ?’

ಚಿಕ್ಕಮ್ಮ ಒಳಗೆ ಬಂದು ಕೂತು ನೀರು ಕೇಳಿದಳು.

‘ಮೊನ್ನೆ ಹಾಗೇ ಆಯ್ತು ಕಣೇ. ಹಿಂದೆ ಒಂದು ಗಾಡೀನೂ ಇರಲಿಲ್ಲ. ಒಂದು ಮಗು ಎದ್ದು ಬಂದು ಭುಜ ಅಲ್ಲಾಡಿಸಿತು.’

ಅವತ್ತೇ ಚಿಕ್ಕಮ್ಮ ವ್ಯಾನಿನ ಕೀಲಿಯನ್ನು ಇನ್ನೊಬ್ಬ ಡ್ರೈವರ್‌ಗೆ ಕೊಟ್ಟಳು. ಆಮೇಲೆ ತನ್ನ ಕಾಮೆಂಟಿನ ಕೆಳಗೆ ತಾನೇ ಬರೆದಳು: ‘ಯಾರೂ ನಗಬೇಡಿ. ಇದನ್ನ ನುಂಗಿ ಗಾಡಿ ಓಡಿಸಬೇಡಿ. ನಾನು ಮಕ್ಕಳನ್ನ ಕೂರಿಸ್ಕೊಂಡು ಓಡಿಸ್ತಿದ್ದೆ.’

ಮರುದಿನ ಅಕ್ಕ ಕಚೇರಿಯಲ್ಲಿ ಮೊದಲು ತೆರೆದದ್ದು ಅದನ್ನೇ. ಕೆಳಗೆ ಬಸ್ ಡ್ರೈವರ್ ಒಬ್ಬ ಬರೆದಿದ್ದ: ‘ನನಗೂ ಹಾಗೇ ಆಗ್ತಿದೆ ಅಮ್ಮಾ. ಕೆಲಸ ಹೋಗುತ್ತೇನೋ ಅಂತ ಯಾರಿಗೂ ಹೇಳಿರಲಿಲ್ಲ.’