ಗು ಗುರುತಿನ ರಬ್ಬರು

ಬೈಕಂಪಾಡಿಯ ಶೆಡ್ಡಿನಲ್ಲಿ ಗುರುವಪ್ಪನವರು ಮೂವತ್ತೆರಡು ವರ್ಷ ಗೇರ್‌ಬಾಕ್ಸು ಮತ್ತು ಆಕ್ಸಲಿನ ಹಲ್ಲುಚಕ್ರಗಳನ್ನಷ್ಟೇ ಬಿಚ್ಚಿ ಜೋಡಿಸಿದರು. ಎಂಜಿನ್ ಕೆಲಸ ಬಂದರೆ ಪಕ್ಕದ ಶೆಡ್ಡಿಗೆ ಕಳಿಸುತ್ತಿದ್ದರು. ಪೇಂಟಿಂಗ್ ಕೆಲಸ ಬಂದರೆ ನಕ್ಕುಬಿಡುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಯಾವ ಬೇರಿಂಗ್ ಸವೆದಿದೆ ಎಂದು ಹೇಳುತ್ತಿದ್ದರು. ಹೇಳಿದ್ದು ತಪ್ಪಿದ್ದನ್ನು ಕಂಡವರಿರಲಿಲ್ಲ. ಕಂಡವರಿದ್ದರೂ ಬಾಯಿ ಬಿಟ್ಟಿರಲಿಲ್ಲ.

ಅವರು ಕೆಲಸ ಕಲಿತದ್ದು ಬಂದರಿಗೆ ಅದಿರು ಹೊತ್ತು ಬರುತ್ತಿದ್ದ ಲಾರಿಗಳ ಮೇಲೆ. ಗೇರ್‌ಬಾಕ್ಸನ್ನು ಚಾಸಿಯ ಮೇಲೆ ಕೂರಿಸುವ ರಬ್ಬರಿನ ಮೌಂಟಿಂಗ್ ಆ ಲಾರಿಗಳಲ್ಲಿ ಒಂದು ಮಳೆಗಾಲ ದಾಟುವಷ್ಟರಲ್ಲಿ ಹರಿದುಹೋಗುತ್ತಿತ್ತು. ಗುರುವಪ್ಪನವರು ಗುಜರಿಯಿಂದ ಹಳೆಯ ಕನ್ವೇಯರ್ ಬೆಲ್ಟು ತಂದು, ಕತ್ತರಿಸಿ, ಮೂರು ಪದರ ಸೇರಿಸಿ ಬೋಲ್ಟು ಬಿಗಿದರು. ಒಳಗೆ ಕ್ಯಾನ್ವಾಸ್ ನೆಯ್ಗೆ ಇದ್ದ ಆ ರಬ್ಬರು ಹರಿಯಲೇ ಇಲ್ಲ. ಲಾರಿ ಮಾಲಕರು ಕೊಂಡಾಡಿದರು. ಅಂದಿನಿಂದ ತಾವು ಕತ್ತರಿಸಿದ ಪ್ರತಿ ತುಂಡಿನ ಮೂಲೆಗೂ ಅವರು ಪಂಚಿನಿಂದ ‘ಗು’ ಎಂದು ಗುರುತು ಹೊಡೆಯುತ್ತಿದ್ದರು. ಲಾರಿಗಳು ಕಡಿಮೆಯಾಗಿ ಜೀಪು, ವ್ಯಾನುಗಳು ಬರತೊಡಗಿದ ಮೇಲೂ ರಬ್ಬರು ಬದಲಾಗಲಿಲ್ಲ.

ಅಹ್ಮದ್ ಬಾವ ಅವರ ಜೀಪು ಬಂದದ್ದು ಕಳೆದ ಡಿಸೆಂಬರಿನಲ್ಲಿ. ಕುಳೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಬಾವ ಶೆಡ್ಡಿನ ಅತ್ಯಂತ ಹಳೆಯ ಗಿರಾಕಿ; ಈಚಿನ ವರ್ಷಗಳಲ್ಲಿ ಹೆಚ್ಚುಕಡಿಮೆ ಉಳಿದಿದ್ದ ಒಬ್ಬರೇ. ನಾಲ್ಕು ಗೇರಿನ ಹಳೆಯ ಪೆಟ್ಟಿಗೆಯನ್ನು ತೆಗೆದು ಐದು ಗೇರಿನದನ್ನು ಕೂರಿಸಬೇಕಿತ್ತು. ಹೊಸದು ಉದ್ದ. ಅದನ್ನು ಹೊರುವ ಅಡ್ಡಪಟ್ಟಿಯನ್ನು ಹಿಂದಕ್ಕೆ ಸರಿಸಿ, ಚಕ್ರಗಳನ್ನು ತಿರುಗಿಸುವ ಪ್ರೊಪೆಲ್ಲರ್ ಶಾಫ್ಟನ್ನು ಗಿಡ್ಡ ಮಾಡಿಸಿದ ಮೇಲೆ ಕಂಪೆನಿಯ ಮೌಂಟಿಂಗ್ ಅಲ್ಲಿಗೆ ಹೊಂದಲಿಲ್ಲ. ಗುರುವಪ್ಪನವರು ಬೆಲ್ಟು ಕತ್ತರಿಸಿದರು.

ಜೀಪು ಗುಂಯ್‌ಗುಟ್ಟತೊಡಗಿತು. ಅರವತ್ತರ ವೇಗದಲ್ಲಿ ನೆಲದ ತಗಡು ಕಂಪಿಸುತ್ತಿತ್ತು. ಶಾಫ್ಟನ್ನು ಮತ್ತೊಮ್ಮೆ ಬ್ಯಾಲೆನ್ಸ್ ಮಾಡಿಸಿದರು. ಅದರ ತುದಿಯ ಕೀಲಾದ ಕ್ರಾಸ್ ಬದಲಿಸಿದರು. ಆಕ್ಸಲಿನ ಅಡಿಗೆ ಬೆಣೆ ಕೊಟ್ಟು ಶಾಫ್ಟಿನ ಓರೆಯನ್ನು ತಿದ್ದಿದರು. ದಪ್ಪನೆಯ ಆಯಿಲ್ ಹಾಕಿದರು. ಮೂರು ಬಾರಿ ಜೀಪು ಹೋಗಿ ಮೂರು ಬಾರಿ ಮರಳಿತು. ಪ್ರತಿ ಸಲವೂ ಬಾವ, “ಸುಮಾರು ಕಡಿಮೆಯಾಗಿದೆ ಗುರುವಣ್ಣ” ಎನ್ನುತ್ತಿದ್ದರು.

ನಾಲ್ಕನೆಯ ಸಲ ಅವರ ಹೆಂಡತಿ ನಾಝಿಮಾ ಜೊತೆಗೆ ಬಂದರು. ಬೆನ್ನಿನ ಆಪರೇಶನ್ ಆಗಿ ಎರಡು ತಿಂಗಳು. ವಾರಕ್ಕೆರಡು ಬಾರಿ ಕದ್ರಿಗೆ ಫಿಸಿಯೋಥೆರಪಿಗೆ ಹೋಗಬೇಕಿತ್ತು.

“ಗುರುವಣ್ಣ, ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ,” ಎಂದರು ಆಕೆ. “ಕಡಿಮೆ ಎಂತದ್ದೂ ಆಗಲಿಲ್ಲ. ಇವರು ಹೇಳುವುದು ನಿಮ್ಮ ಮುಖ ನೋಡಿ.”

“ನೀನು ಸುಮ್ಮನಿರು ಮಾರಾಯ್ತಿ,” ಎಂದರು ಬಾವ.

“ಬೆನ್ನು ನಿಮ್ಮದಾ, ನನ್ನದಾ? ಓಡುವಾಗ ಹೋಗಲಿ, ನಂತೂರಿನಲ್ಲಿ ಬ್ಲಾಕ್ ಆಗಿ ಕಾಲು ಗಂಟೆ ನಿಂತಲ್ಲೇ ನಿಂತಾಗಲೂ ನಡುಕ. ಈ ವಾರ ಸರಿಯಾಗದಿದ್ದರೆ ಗಾಡಿ ಗುಜರಿಯ ಇಲ್ಯಾಸನಿಗೆ ಕೊಟ್ಟುಬಿಡುವ.”

ಗುರುವಪ್ಪನವರಿಗೆ ಬೇಜಾರು ಮಾಡಿಕೊಳ್ಳಲು ಪುರಸೊತ್ತಿರಲಿಲ್ಲ. ನಿಂತ ಗಾಡಿಯಲ್ಲಿ ಶಾಫ್ಟು ತಿರುಗುವುದಿಲ್ಲ. ನಿಂತಲ್ಲೇ ನಡುಕವಿದ್ದರೆ ಶಾಫ್ಟು, ಕ್ರಾಸ್, ಓರೆ ಎಲ್ಲವೂ ನಿರಪರಾಧಿಗಳು. ಇದು ಕೆಲಸ ಕಲಿಯುವವನಿಗೆ ಮೊದಲ ವಾರ ಹೇಳಿಕೊಡುವ ಪರೀಕ್ಷೆ. ಅವರು ಅದನ್ನು ಮಾಡಿರಲಿಲ್ಲ. ಮಾಡಿದರೆ ಉಳಿಯುವುದು ಒಂದೇ ವಸ್ತು ಎಂಬುದು ಕೈಗೆ ಗೊತ್ತಿತ್ತು. ತಲೆ ಅದನ್ನು ಒಳಗೆ ಬಿಟ್ಟುಕೊಂಡಿರಲಿಲ್ಲ. ಗಂಡಹೆಂಡತಿ ರಿಕ್ಷಾ ಹಿಡಿದು ಹೋದ ಮೇಲೆ ಜೀಪನ್ನು ನ್ಯೂಟ್ರಲ್‌ನಲ್ಲಿಟ್ಟು, ಸ್ಕ್ರೂಡ್ರೈವರನ್ನು ಮೊದಲು ಗೇರ್‌ಬಾಕ್ಸಿಗೆ, ಬಳಿಕ ಚಾಸಿಗೆ ಒತ್ತಿದರು. ಎರಡೂ ಕಡೆ ಒಂದೇ ಸ್ವರ. ನಡುವಿದ್ದ ರಬ್ಬರು ಯಾವುದನ್ನೂ ತಡೆದಿರಲಿಲ್ಲ. ಅದು ಮರದ ಹಲಗೆಯಷ್ಟೇ ಗಟ್ಟಿಯಾಗಿತ್ತು.

ಮೆತ್ತನೆಯ ಮೌಂಟಿಂಗ್ ಸಿಗುವುದು ನಂತೂರಿನ ಒಸ್ವಾಲ್ಡನಲ್ಲಿ. ಒಂದು ಕಾಲದಲ್ಲಿ ಇದೇ ಶೆಡ್ಡಿನಲ್ಲಿ ಗುರುವಪ್ಪನವರ ಜೊತೆ ಒಂಬತ್ತು ವರ್ಷ ದುಡಿದು, ಆಮೇಲೆ ಸ್ವಂತ ಗ್ಯಾರೇಜು ಹಾಕಿದವನು. ಗುರುವಪ್ಪನವರು ಅಲ್ಲಿಗೆ ಹೋದರು. ಅವನು ಒಳಗೆ ಹುಡುಕುತ್ತಿದ್ದಾಗ ಅವರ ಕಣ್ಣು ಬೆಂಚಿನ ಅಡಿಗೆ ಹೋಯಿತು. ಎಣ್ಣೆಮಣ್ಣು ಮೆತ್ತಿದ ಕಪ್ಪು ತುಂಡುಗಳ ರಾಶಿ. ಒಂದನ್ನು ಎತ್ತಿ ಮೂಲೆಯನ್ನು ಹೆಬ್ಬೆರಳಿನಿಂದ ಉಜ್ಜಿದರು. ‘ಗು’. ಇನ್ನೊಂದನ್ನು ಎತ್ತಿದರು. ಮೂರನೆಯದನ್ನು ಎತ್ತಲಿಲ್ಲ.

“ಬಿಸಾಡ್ಲಿಕ್ಕೆ ಮನಸ್ಸು ಬರಲಿಲ್ಲ ಗುರುವಣ್ಣ,” ಎಂದ ಒಸ್ವಾಲ್ಡ್ ಹಿಂದಿನಿಂದ.

“ಎಲ್ಲ ಇಲ್ಲಿಗೇ ಬರ್ತಿದ್ರಾ?”

“ನಿಮ್ಮಲ್ಲಿ ಗೇರ್‌ಬಾಕ್ಸ್ ಕೂರಿಸುವುದು, ಇಲ್ಲಿ ಬಂದು ರಬ್ಬರ್ ಬದಲಿಸುವುದು. ಅದೊಂದು ಕ್ರಮ ಆಗಿತ್ತು. ಕೆಲಸ ನಿಮ್ಮದೇ ಬೇಕಿತ್ತು ಅವರಿಗೆ.”

“ಒಬ್ಬನಾದರೂ ನನ್ನ ಹತ್ರ ಹೇಳ್ಬಹುದಿತ್ತಲ್ಲ.”

“ನಾನು ಹೇಳಿದ್ದೆ. ‘ಇದು ಅದಿರಿನ ಲಾರಿ ಅಲ್ಲ ಅಣ್ಣ, ಜನ ಕೂರುವ ಗಾಡಿ’ ಅಂತ. ಆರು ತಿಂಗಳು ನೀವು ನನ್ನ ಹತ್ರ ಮಾತಾಡ್ಲಿಲ್ಲ. ಅದನ್ನು ನೋಡಿದ ಮೇಲೆ ಯಾರು ಹೇಳ್ತಾರೆ?”

ಅವನ ಸ್ವರದಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು ಎನಿಸಿತು ಗುರುವಪ್ಪನವರಿಗೆ. ಜಗಳ ಮಾಡಿ ಹಗುರಾಗಬಹುದಿತ್ತು. ಹಬ್ಬಕ್ಕೆ ತಿಂಡಿ ತಂದುಕೊಟ್ಟವರು, ಮಗಳ ಮದುವೆಯ ಊಟದಲ್ಲಿ ಪಂಕ್ತಿಯ ತುದಿಯವರೆಗೂ ಹೊಗಳಿದವರು, ಬೈಕಂಪಾಡಿಯಿಂದ ಹೊರಟು ನಂತೂರಿನಲ್ಲಿ ನಿಂತು ಅವರ ಗುರುತನ್ನು ಕಿತ್ತು ಇಲ್ಲಿ ಎಸೆದು ಮನೆಗೆ ಹೋಗಿದ್ದರು. ಯಾರಿಗೂ ಅವರ ಮೇಲೆ ಸಿಟ್ಟಿರಲಿಲ್ಲ. ಮರ್ಯಾದೆ ಇತ್ತು.

ಮಾರನೆಯ ದಿನ ಅಡ್ಡಪಟ್ಟಿಗೆ ಹೊಸ ತೂತು ಕೊರೆದು ಮೆತ್ತನೆಯ ಮೌಂಟಿಂಗ್ ಹಾಕಿದರು. ಗುರುತಿನ ಪಂಚು ಡಬ್ಬಿಯಲ್ಲೇ ಉಳಿಯಿತು. ಶುಕ್ರವಾರ ಸಂಜೆ ದಂಪತಿಗಳನ್ನು ಕೂರಿಸಿಕೊಂಡು ಕದ್ರಿಗೆ ತಾವೇ ಜೀಪು ಓಡಿಸಿದರು. ಅರವತ್ತರಲ್ಲಿ ತಗಡು ಅಲುಗಲಿಲ್ಲ. ನಂತೂರಿನ ಬ್ಲಾಕಿನಲ್ಲಿ ಕನ್ನಡಿಯೊಳಗಿನ ಬಸ್ಸು ನಡುಗದೆ ನಿಂತಿತ್ತು.

“ನಂಗೆ ಗೊತ್ತಿತ್ತು,” ಎಂದರು ಬಾವ. “ಗುರುವಣ್ಣನ ಕೈಗೆ ಸಾಟಿ ಉಂಟಾ?”

ಗುರುವಪ್ಪನವರು ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿದರು. “ಅಕ್ಕ, ನೀವು ಹೇಳಿ.”

ನಾಝಿಮಾ ಅಂಗೈಯನ್ನು ಸೀಟಿನ ಮೇಲಿಟ್ಟು ಸ್ವಲ್ಪ ಹೊತ್ತು ಕಾದರು. “ಈಗ ಇಲ್ಲ,” ಎಂದರು.

ಆಕೆಯನ್ನು ಚಿಕಿತ್ಸೆಗೆ ಇಳಿಸಿ, ಗಂಡಸರಿಬ್ಬರೂ ಚಾ ಕುಡಿಯಲೆಂದು ಇಳಿಜಾರಿನಲ್ಲಿ ಕೆಳಗೆ ಹೊರಟರು. ಗುರುವಪ್ಪನವರು ಆಕ್ಸಿಲರೇಟರಿನಿಂದ ಕಾಲು ತೆಗೆದರು. ಆ ನಿಶ್ಶಬ್ದದಲ್ಲಿ, ಹಿಂದಿನ ಆಕ್ಸಲಿನ ಕಡೆಯಿಂದ, ಸೊಳ್ಳೆ ಕಿವಿಯ ಬಳಿ ಸುಳಿದಂಥ ಸಪೂರ ಸ್ವರವೊಂದು ಕೇಳಿತು. ಅದರೊಳಗಿನ ಹಲ್ಲುಚಕ್ರವನ್ನು ಹನ್ನೊಂದು ವರ್ಷದ ಹಿಂದೆ ಕೂರಿಸಿದವರೂ ಅವರೇ. ಹಳೆಯ ಪೆಟ್ಟಿಗೆಯ, ಆಮೇಲೆ ಗಟ್ಟಿ ರಬ್ಬರಿನ ಗದ್ದಲದ ಅಡಿಯಲ್ಲಿ ಅದು ಎಷ್ಟು ಕಾಲದಿಂದ ಹೀಗೆ ಅಳುತ್ತಿತ್ತೋ.

“ಬಾವಾಕ, ಒಂದು ಸದ್ದು ಕೇಳ್ತದಾ?”

“ಎಂತ ಸದ್ದು?” ಬಾವ ಕಿಟಕಿಯ ಹೊರಗೆ ನೋಡುತ್ತಿದ್ದರು. “ಎಂತದ್ದೂ ಇಲ್ಲ ಗುರುವಣ್ಣ. ಫಸ್ಟ್ ಕ್ಲಾಸ್.”

ನಿಜಕ್ಕೂ ಕೇಳಲಿಲ್ಲವೋ, ಕೇಳಿಯೂ ಹಾಗೆಂದರೋ. ಮೂವತ್ತೆರಡು ವರ್ಷ ಕಬ್ಬಿಣದ ಒಳಗನ್ನು ಕೇಳಿದ ಕಿವಿಗೆ ಅದು ತಿಳಿಯಲಿಲ್ಲ. ಚಾದಂಗಡಿಯ ಮುಂದೆ ಬಾವ ಇಳಿದು ಕರೆದರು. ಗುರುವಪ್ಪನವರು ಸ್ಟೀರಿಂಗ್ ಬಿಡದೆ ವಾಚು ನೋಡಿಕೊಂಡರು. ಇದ್ದದ್ದನ್ನು ಇದ್ದ ಹಾಗೆ ಹೇಳುವ ನಾಝಿಮಾ ಹೊರಗೆ ಬರಲು ಇನ್ನೂ ಮುಕ್ಕಾಲು ಗಂಟೆ ಇತ್ತು.