ತಾನೇ ಬೋಲ್ಟ್ ಎಳೆದುಕೊಳ್ಳುವ ಬಂದೂಕು

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ಇದನ್ನು ನಾನೇ ಹೇಳಿಬಿಟ್ಟರೆ ಹೆಂಡತಿಗೆ ಹೇಳುವ ಸುಖ ತಪ್ಪುತ್ತದೆ, ಅದಕ್ಕೇ ಮೊದಲು ಹೇಳಿದ್ದೇನೆ. ಲಕ್ವ ಹೊಡೆದು ಬಲಗೈ ಸೋತ ಮೇಲೆ ಆ ಸಿಟ್ಟು ಇನ್ನಷ್ಟು ಹೆಚ್ಚಿತು. ಬೆರಳು ಮಡಚಬಲ್ಲೆ, ಅನ್ನ ಕಲಸಬಲ್ಲೆ, ಆದರೆ ಬಲವಾಗಿ ಏನನ್ನೂ ಎಳೆಯಲಾರೆ. ದೊಡ್ಡಬಳ್ಳಾಪುರದಲ್ಲಿ ನಮ್ಮದು ಪವರ್‌ಲೂಮ್ ಮನೆ. ಮಗ್ಗಗಳನ್ನು ಹೆಂಡತಿ ನೋಡಿಕೊಳ್ಳುತ್ತಿದ್ದಳು. ನಾನು ಜಗಲಿಯ ಮೇಲೆ ಕೂತು ದಾರಿಯಲ್ಲಿ ಹೋಗಿಬರುವವರ ಮೇಲೆ ರೇಗುತ್ತಿದ್ದೆ.

ಲಕ್ವ ನನ್ನಿಂದ ಕಿತ್ತುಕೊಂಡಿದ್ದು ಭಾನುವಾರಗಳನ್ನು. ದೇವನಹಳ್ಳಿ ಕಡೆ ಒಂದು ರೈಫಲ್ ಕ್ಲಬ್ ಇದೆ, ಅಲ್ಲಿಗೆ ಹೋಗುವುದು ನನಗೆ ಕಾಲೇಜಿನ ಕಾಲದಿಂದ ಹತ್ತಿದ ಹುಚ್ಚು. ವಾರವೆಲ್ಲ ಮಗ್ಗದ ಸದ್ದು ಕೇಳಿದ ಕಿವಿಗೆ, ಅಲ್ಲಿ ಬೋರಲು ಮಲಗಿ ಕಾಗದದ ಗುರಿಯನ್ನು ನೋಡುವಾಗಿನ ಮೌನ ಬಹಳ ಹಿತವಾಗಿರುತ್ತಿತ್ತು. ಆದರೆ ನನ್ನ ಹಳೆಯ ರೈಫಲ್‌ನಲ್ಲಿ ಪ್ರತಿ ಗುಂಡಿಗೂ ಬೋಲ್ಟೆಂಬ ಉಕ್ಕಿನ ಅಗುಳಿಯನ್ನು ಬಲಗೈಯಿಂದ ಎಳೆದು ಖಾಲಿ ತೋಟಾ ಹೊರಹಾಕಬೇಕು, ತಳ್ಳಿ ಹೊಸದನ್ನು ಒಳಗೆ ಕೂರಿಸಬೇಕು. ಎಡಗೈಯಿಂದ ಎಳೆಯೋಣವೆಂದರೆ ಬಂದೂಕನ್ನು ಹೊತ್ತಿರುವುದೇ ಎಡಗೈ. ಅದನ್ನು ಬಿಟ್ಟರೆ ಎಲ್ಲ ಜಾರುತ್ತದೆ.

ಕ್ಲಬ್ಬಿನ ತರಬೇತುದಾರರು ಸೈನ್ಯದಿಂದ ನಿವೃತ್ತರಾದವರು, ನಮ್ಮ ಬೀದಿಯವರೇ. ಒಂದು ದಿನ ಜಗಲಿಗೆ ಬಂದು ಕೂತು, "ಸೆಮಿ ಆಟೋಮ್ಯಾಟಿಕ್ ತಗೊಳ್ಳಿ ಸಾರ್" ಅಂದರು. "ಮೊದಲ್ನೇ ಗುಂಡಿಗೆ ಎಡಗೈಲಿ ಒಂದ್ಸಲ ಎಳ್ಕೊಂಡು, ಆಮೇಲೆ ಮಲಗಿ. ಪ್ರತಿ ಗುಂಡು ಹಾರಿದಾಗ್ಲೂ ಅದೇ ಖಾಲೀನ ಎಸೆದು ಅದೇ ಹೊಸದು ತುಂಬ್ಕೊಳ್ಳುತ್ತೆ. ನಿಮ್ಗೆ ಬೇಕಾಗಿರೋದು ಒಂದೇ ಬೆರಳು."

ಪರವಾನಗಿಗೆ ಅಲೆದು, ಕಾದು, ಕೊನೆಗೆ ಆ ಪುಟ್ಟ ಪಾಯಿಂಟ್ ಟೂಟೂ ರೈಫಲ್ ಮನೆಗೆ ಬಂದಾಗ ಆಯುಧಪೂಜೆ ಹತ್ತಿರವಿತ್ತು. ನಮ್ಮಮ್ಮ ಅದನ್ನೂ ಲಾಳಿ, ಕತ್ತರಿಗಳ ಸಾಲಿನಲ್ಲಿ ಇಟ್ಟು ಗಂಧ ಕುಂಕುಮ ಹಚ್ಚಿ ಪೂಜೆ ಮಾಡಿದಳು. ಪೂಜೆಗೆ ಇಟ್ಟಿದ್ದನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಹೊಸ ಬಂದೂಕನ್ನು ಎದುರಿಗಿಟ್ಟುಕೊಂಡು ಕೈಕಟ್ಟಿ ಕೂರುವುದು ನನ್ನಂಥವನಿಗೆ ಸಣ್ಣ ಶಿಕ್ಷೆಯಲ್ಲ.

ಭಾನುವಾರ ಹೆಂಡತಿ ಕಾರು ಓಡಿಸಿಕೊಂಡು ಕರೆದೊಯ್ದಳು. ಮೊದಲ ಗುಂಡು ಚೆನ್ನಾಗಿಯೇ ಹಾರಿತು. ಎರಡನೆಯದಕ್ಕೆ ಬೆರಳು ಒತ್ತಿದರೆ ಏನೂ ಇಲ್ಲ. ಖಾಲಿ ತೋಟಾ ಅರ್ಧ ಹೊರಗೆ ಬಂದು ಬೋಲ್ಟಿನ ಬಾಯಲ್ಲಿ ಸಿಕ್ಕಿಕೊಂಡು ನಿಂತಿತ್ತು. ನಾನು ಎಳೆದೆ, ಬರಲಿಲ್ಲ. ತರಬೇತುದಾರರು ಹೇಳಿಕೊಟ್ಟಂತೆ ಹೆಂಡತಿ ಬಗ್ಗಿ ಎಳೆದುಕೊಟ್ಟಳು. ಮತ್ತೆ ಒಂದು ಹಾರಿತು, ಮತ್ತೆ ಸಿಕ್ಕಿತು, ಮತ್ತೆ ಅವಳು ಬಗ್ಗಿದಳು.

"ಸಾಕು ಬಿಡು" ಅಂದೆ. "ಶರ್ಟಿನ ಗುಂಡಿ ನೀನೇ ಹಾಕ್ಬೇಕು, ಚಪ್ಪಲಿ ಪಟ್ಟಿ ನೀನೇ ಕಟ್ಬೇಕು. ಇಲ್ಲೂ ನಿನ್ನ ಕೈನೇ ಬೇಕಾ ನಂಗೆ?"

ನನ್ನ ಸಂಕಟ ಅವಳಿಗೆ ಗೊತ್ತಿತ್ತು. ಪದಕ ಗೆಲ್ಲುವ ಆಸೆ ನನಗೆ ಎಂದೂ ಇರಲಿಲ್ಲ. ಇನ್ನೊಬ್ಬರ ಕೈ ಬೇಡವಾದ ಒಂದೇ ಒಂದು ಜಾಗ ಬೇಕಾಗಿತ್ತು, ಅದೂ ಹೋಯಿತಲ್ಲ.

"ಮಾಲೇ ಸರಿಯಿಲ್ಲ. ನಾಳೇನೇ ವಾಪಸ್ ಕಳಿಸ್ತೀನಿ" ಎಂದು ಕಾರಿನಲ್ಲಿ ಕೂಗಾಡಿದೆ.

"ಎಳೆ ಕಡಿದ್ರೆ ಮಗ್ಗ ವಾಪಸ್ ಕಳಿಸ್ತೀರಾ?" ಅಂದಳು. "ಒಂದ್ಸಲಕ್ಕೆ ಒಂದೇ ಬದಲಾಯಿಸಿ ನೋಡು ಅಂತ ನಂಗೆ ಹೇಳಿಕೊಟ್ಟಿದ್ದು ಯಾರು? ನೀವೇ ತಾನೆ? ಹೇಳೋದು ಆಚಾರ."

ತಿನ್ನುವುದು ಬದನೆಕಾಯಿ ಎಂಬುದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಒಂದು ಸಲಕ್ಕೆ ಒಂದೇ ಎಂಬುದು, ಮದುವೆಯಾಗಿ ಬಂದ ಹೊಸದರಲ್ಲಿ ನಾನೇ ಅವಳಿಗೆ ಕಲಿಸಿದ ಪಾಠ. ಸೀರೆಯಲ್ಲಿ ಎಳೆ ಕಡಿಯತೊಡಗಿದರೆ ಲಾಳಿ, ನೂಲು, ಬಿಗಿ ಮೂರನ್ನೂ ಒಟ್ಟಿಗೆ ಬದಲಾಯಿಸಬಾರದು. ಬದಲಾಯಿಸಿದರೆ ಸರಿಹೋಗಬಹುದು, ಆದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಹಾಗಾಗಿ ಮುಂದಿನ ವಾರ ಮೊದಲು ಗ್ರೀಸು. ತರಬೇತುದಾರರು ಬಂದೂಕು ಖಾಲಿಯಿದೆಯೆಂದು ಎರಡೆರಡು ಬಾರಿ ನೋಡಿ, ಬಿಚ್ಚಿ, ಕಾರ್ಖಾನೆಯಲ್ಲಿ ತುಕ್ಕು ಹಿಡಿಯದಿರಲೆಂದು ಬಳಿದಿದ್ದ ಗಟ್ಟಿ ಗ್ರೀಸನ್ನು ಒರೆಸಿ ತೆಳು ಎಣ್ಣೆ ಹಚ್ಚಿದರು. ಬೋಲ್ಟ್ ಹಗುರವಾಯಿತು. ತೋಟಾ ಸಿಕ್ಕಿಕೊಳ್ಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ.

ಆಮೇಲೆ ತೋಟಾದೊಳಗಿನ ಮದ್ದು. ನಾನು ಹಾಕುತ್ತಿದ್ದುದು ಹಳೆಯ ರೈಫಲ್ಲಿಗೆ ಕೊಳ್ಳುತ್ತಿದ್ದ ಅದೇ ತೋಟಾ. ತರಬೇತುದಾರರು ಏನೋ ಹೇಳಲು ಬಾಯಿ ತೆರೆದರು, ವಿಮಾನ ಇಳಿಯುವ ಸದ್ದು ಮುಗಿಯುವವರೆಗೆ ಸುಮ್ಮನಿದ್ದು ಆಮೇಲೆ ಹೇಳಿದರು: "ಇದು ಮೆತ್ತನೆ ಮದ್ದು ಸಾರ್. ಗುರಿಗೇನೋ ಒಳ್ಳೇದು. ಆದ್ರೆ ಬೋಲ್ಟನ್ನ ಹಿಂದಕ್ಕೆ ತಳ್ಳೋ ದಮ್ಮು ಇದಕ್ಕಿಲ್ಲ." ಬಂದೂಕಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದ್ದ ವೇಗದ ತೋಟಾ ತಂದು ಹಾಕಿದೆವು. ಖಾಲಿ ತೋಟಾಗಳು ಟಣ್ ಟಣ್ ಎಂದು ಪಕ್ಕಕ್ಕೆ ಹಾರಿಬಿದ್ದವು. ಒಂದೂ ಸಿಕ್ಕಲಿಲ್ಲ. ನಾನು ನಗಲು ಶುರುಮಾಡಿದ್ದೆ, ಅಷ್ಟರಲ್ಲಿ ಬೋಲ್ಟ್ ಮುಂದೆ ಬಂತು, ಒಳಗೆ ಹೋಗಬೇಕಾದ ಹೊಸ ಗುಂಡು ಮಾತ್ರ ಮೇಲಕ್ಕೇ ಬಂದಿರಲಿಲ್ಲ.

ಗುಂಡು ತುಂಬುವ ಮ್ಯಾಗಜೀನುಗಳು ನಮ್ಮಲ್ಲಿ ಎರಡಿದ್ದವು, ನೋಡಲು ಒಂದೇ ಥರ. ಹೆಂಡತಿ ತನ್ನ ಹಣೆಯ ಸ್ಟಿಕ್ಕರ್ ಕಿತ್ತು ಒಂದಕ್ಕೆ ಅಂಟಿಸಿದಳು. "ಬೊಟ್ಟಿಂದು ಇದು, ಬರೀದು ಅದು. ಈಗ ಹೊಡೀರಿ." ಬರಿಯದು ಒಮ್ಮೆಯೂ ತಪ್ಪಲಿಲ್ಲ. ಬೊಟ್ಟಿನದು ಹಾಕಿದಾಗಲೆಲ್ಲ ತಪ್ಪಿತು.

ತರಬೇತುದಾರರು ಬೊಟ್ಟಿನ ಮ್ಯಾಗಜೀನಿನ ತಳ ಬಿಚ್ಚಿ, ಗುಂಡನ್ನು ಮೇಲಕ್ಕೆ ತಳ್ಳುವ ಸ್ಪ್ರಿಂಗನ್ನು ಹೊರಗೆಳೆದು ಅಂಗೈ ಮೇಲೆ ಕೊಡವಿದರು. ಅರಿಶಿನ ಹಚ್ಚಿದ ಅಕ್ಕಿಕಾಳುಗಳು ಬಿದ್ದವು, ಒಣಗಿದ ಗಂಧದ ಚೂರುಗಳ ಜೊತೆ. ಅವರು ಒಂದು ಕಾಳನ್ನು ಬೆರಳಲ್ಲಿ ಎತ್ತಿ ಹಿಡಿದರು. "ಸಾರ್, ಇದು ಕಾರ್ಖಾನೆಯವರು ಹಾಕಿದ್ದಲ್ಲ" ಅಂದರು.

ಪೂಜೆಯ ತಟ್ಟೆಗೆ ಹೋಗಿದ್ದು ಅದೊಂದೇ ಮ್ಯಾಗಜೀನು, ಇನ್ನೊಂದು ರಟ್ಟಿನ ಡಬ್ಬಿಯಲ್ಲೇ ಉಳಿದಿತ್ತು. ಮನೆಯವರೆಗೂ ಹಲ್ಲು ಕಚ್ಚಿಕೊಂಡು ಬಂದೆ. ಅಮ್ಮ ನಡುಮನೆಯಲ್ಲಿ ಸೊಪ್ಪು ಸೋಸುತ್ತಾ ಕೂತಿದ್ದಳು.

"ಬಂದೂಕಿಗೆ ಗುಂಡು ತುಂಬೋ ಮ್ಯಾಗಜೀನೊಳಗೆ ಅಕ್ಷತೆ ಹಾಕಿದ್ದು ಯಾರಮ್ಮ?"

"ನಾನೇ ಕಣಪ್ಪ" ಅಂದಳು, ತಲೆಯೆತ್ತದೆ. "ಲಾಳಿ ಹೊಟ್ಟೆಗೂ ವರ್ಷಾವರ್ಷ ಹಾಕ್ತೀನಲ್ಲ, ಹಂಗೇ. ಮೇಲೆ ಹಾಕಿದ್ರೆ ಉದುರಿ ಹೋಗುತ್ತೆ. ಒಳಗಿದ್ರೆ ನಿನ್ ಜೊತೇಲೇ ಬರುತ್ತೆ. ಕೈ ಸೋತ ಮಗ, ದೇವರಾದ್ರೂ ಒಂದು ಕೈ ಕೊಡ್ಲಿ ಅಂತ." ಆಮೇಲೆ ತಲೆಯೆತ್ತಿ, "ಯಾಕೆ, ಏನಾದ್ರೂ ಆಯ್ತಾ?" ಎಂದು ಕೇಳಿದಳು.

ಬಾಯ್ತುಂಬ ಬೈಗುಳ ಇಟ್ಟುಕೊಂಡು ಬಂದಿದ್ದೆ. ಎಲ್ಲವನ್ನೂ ನುಂಗಿಕೊಂಡೆ. "ಏನೂ ಇಲ್ಲ ಬಿಡಮ್ಮ, ಚೆನ್ನಾಗಿದೆ" ಅಂದೆ. ಅಡುಗೆಮನೆಯಲ್ಲಿ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ಈ ವಯಸ್ಸಿನಲ್ಲೂ ನನ್ನ ಕೈಗಾಗಿ ಬೇಡಿಕೊಳ್ಳುವ ತಾಯಿ ಮನೆಯಲ್ಲಿದ್ದಾಳೆ, ನಾನು ಜಗಲಿಯ ಮೇಲೆ ಕೂತು ಲೋಕಕ್ಕೆಲ್ಲ ಶಾಪ ಹಾಕುತ್ತಿದ್ದೆನಲ್ಲ ಎನಿಸಿತು. ಆವತ್ತು ಅಮ್ಮನ ಪಕ್ಕ ಕೂತು ಎಡಗೈಯಲ್ಲಿ ಸೊಪ್ಪು ಸೋಸಿದೆ. ಸರಿಯಾಗಿ ಸೋಸಲಿಲ್ಲವೆಂದು ಬೈಸಿಕೊಂಡೆ.

ಅದರ ಮುಂದಿನ ಭಾನುವಾರ ಬೊಟ್ಟಿನ ಮ್ಯಾಗಜೀನನ್ನೇ ತುಂಬಿಕೊಂಡು ಮಲಗಿದೆ. ಹೆಂಡತಿ ಎಂದಿನಂತೆ ಪಕ್ಕದಲ್ಲಿ ಕೂತಳು. ಮೊದಲ ಗುಂಡು ಹಾರಿತು. ಓರೆಗಣ್ಣಿಗೆ ಅವಳ ಕೈ ಮುಂದಕ್ಕೆ ಬಂದಿದ್ದು ಕಂಡಿತು. ಎರಡನೆಯದೂ ಹಾರಿತು, ಕೈ ಅರ್ಧಕ್ಕೆ ನಿಂತಿತು. ಆಮೇಲೆ ನಾನು ಅವಳ ಕೈಯನ್ನೂ ಮರೆತೆ, ನನ್ನ ಕೈಯನ್ನೂ ಮರೆತೆ. ಕಾಗದದ ಗುರಿ, ಉಸಿರು, ಒಂದು ಬೆರಳು, ಅಷ್ಟೇ ಇತ್ತು. ಎಲ್ಲ ಗುಂಡು ಮುಗಿದು ಬೋಲ್ಟ್ ತೆರೆದುಕೊಂಡು ನಿಂತಾಗ ನಾನು ಹಣೆಯನ್ನು ಚಾಪೆಗೆ ಹಚ್ಚಿ ಅತ್ತೆ. ಮುಚ್ಚುಮರೆಯೇನಿಲ್ಲ, ಅತ್ತೆ. ತರಬೇತುದಾರರು ಗುರಿಯ ಕಾಗದ ತರುವ ನೆಪದಲ್ಲಿ ಆ ಕಡೆ ತಿರುಗಿ ನಿಂತರು.

ಹೆಂಡತಿ ಬಿದ್ದಿದ್ದ ಖಾಲಿ ತೋಟಾಗಳನ್ನು ಆರಿಸಿ ಡಬ್ಬಿಗೆ ಹಾಕಿದಳು. ಸೀರೆಯ ಧೂಳು ಕೊಡವಿಕೊಂಡು ಎದ್ದು, ತರಬೇತುದಾರರ ಕಡೆ ಕೈ ತೋರಿಸಿ, "ಇನ್ನು ನಾನು ಬರೋದು ಬೇಡ ಅನ್ನಿ. ಮುಂದಿನ ವಾರದಿಂದ ಇವರ ಕಾರಲ್ಲೇ ಬಂದ್ಬಿಡಿ, ಮಗ್ಗದ ಕೆಲಸ ಬೇಕಾದಷ್ಟಿದೆ" ಅಂದಳು.

ನನಗೆ ಬೇಕಾಗಿದ್ದುದೂ ಅದೇ ತಾನೆ.

"ನೀನೂ ಬಾ" ಅಂದೆ.

"ನಾನ್ಯಾಕೆ? ಎಳೆಯೋದು ಏನೂ ಇಲ್ವಲ್ಲ."

"ಎಳೆಯೋಕಲ್ಲ. ಸುಮ್ನೆ ಪಕ್ಕದಲ್ಲಿ ಕೂತಿರು."

ಅವಳು ನನ್ನ ಮುಖ ನೋಡಿದಳು. ಆಮೇಲೆ ಚಾಪೆಯ ಮೇಲೆ ಮತ್ತೆ ಕೂತು, "ಇನ್ನೊಂದು ಮ್ಯಾಗಜೀನೂ ಹೊಡೆದುಬಿಡಿ, ನೋಡ್ತೀನಿ" ಅಂದಳು.