ದ್ವೀಪದವರ ಉತ್ತರಕ್ಕೆ ಕಾದ ಅರ್ಧ ಗಂಟೆ

ಪ್ಲಾಸ್ಟಿಕ್ ಒಪ್ಪಂದದ ಮಾತುಕತೆಯಲ್ಲಿ ನಾನು ನಮ್ಮ ದೇಶದ ನಿಯೋಗದ ಸಲಹೆಗಾರಳಾಗಿದ್ದೆ. ಆ ಮಧ್ಯಾಹ್ನ ಕಾಡುಗೋಡಿಯ ಬಾಡಿಗೆ ಮನೆಯಿಂದಲೇ ಆನ್‌ಲೈನ್ ಸಭೆಗೆ ಕೂತಿದ್ದೆ. ಪ್ಲಾಸ್ಟಿಕ್ ತಯಾರಿಕೆ ತಗ್ಗಿಸುವ ಗಡುವನ್ನು ಐದು ವರ್ಷ ಮುಂದೂಡಿದರೆ ಸಹಿ ಹಾಕುತ್ತೇವೆಂದು ಎದುರು ಬಣದವರು ಹೇಳಿದರು. ನಮ್ಮ ನಿಯೋಗದ ಮುಖ್ಯಸ್ಥರು ಒಪ್ಪುವುದರಲ್ಲಿದ್ದರು.

"ಸಾರ್, ಮೂರು ಮಿತ್ರದೇಶಗಳನ್ನ ಕೇಳ್ದೆ ಒಪ್ಪಲ್ಲ ಅಂತ ಮಾತು ಕೊಟ್ಟಿದ್ದೀವಿ," ಎಂದೆ.

"ಉತ್ತರ ಕೊಡೋಕೆ ಅರ್ಧ ಗಂಟೆ ಇದೆ. ನೀವೇ ಕೇಳಿ."

ಎರಡು ದೇಶಗಳು ಹೂಂ ಎಂದವು. ಮೂರನೆಯದಾದ ಪುಟ್ಟ ದ್ವೀಪದೇಶದ ಪ್ರತಿನಿಧಿ ಫೋನ್ ಎತ್ತಲಿಲ್ಲ. ಕೂರಲಾಗದೆ ವರಾಂಡದಲ್ಲಿ ಸುತ್ತತೊಡಗಿದೆ.

"ಯಾಕಮ್ಮ ಇಂಗೆ ಓಡಾಡ್ತಿದ್ದೀಯ?" ಎಂದರು ಮನೆ ಓನರ್ ಆಂಟಿ. ಅಷ್ಟರಲ್ಲಿ ಫೋನ್ ಬಂತು.

"ನಮ್ಮ ಕಡಲತೀರ ಐದು ವರ್ಷ ಕಾಯಲಾರದು," ಎಂದರು ಆ ಪ್ರತಿನಿಧಿ.

ಅದನ್ನೇ ತಿಳಿಸಿದೆ. ಮುಖ್ಯಸ್ಥರು ಒಪ್ಪಿಗೆ ತಡೆಹಿಡಿದರು. ಆ ಸುತ್ತು ಸಹಿಯಿಲ್ಲದೆ ಮುಗಿಯಿತು. ಕೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಆದರೆ ನೆಮ್ಮದಿಯೂ ಇಲ್ಲ; ಒಪ್ಪಂದವೇ ಇಲ್ಲದೆ ಆ ಕಡಲತೀರ ಇನ್ನೆಷ್ಟು ವರ್ಷ ಕಾಯಬೇಕೋ.